ಕೊಡಂಪುಳಿಗೆ ಡಾಕ್ಟರ್ ಪದವಿ

ಕಾಸರಗೋಡಿನಲ್ಲಿ ಸರಕಾರಿ ಫಾರ್ಮು ಕನ್ನಡದಲ್ಲಿ ಬೇಕೆಂದರೆ ಅರ್ಜಿ ಹಾಕಿ, ಧರಣಿ ಕೂತು, ಕೊನೆಗೆ ಮಲಯಾಳದ್ದನ್ನೇ ಯಾರ ಕೈಲಾದರೂ ತುಂಬಿಸಿಕೊಂಡು ಬರಬೇಕು. ಬೊಜ್ಜು ಕರಗಿಸಿ ಹೃದಯ ಕಾಯುವ ‘ಸಸ್ಯಸಾರ’ದ ನೋಟೀಸು ಮಾತ್ರ ಪೇಪರಿನೊಳಗಿಂದ ಅಚ್ಚಗನ್ನಡದಲ್ಲೇ ಜಾರಿ ಬೀಳುತ್ತದೆ. ಒಂದು ಕಾಗುಣಿತ ತಪ್ಪಿಲ್ಲ. ಈ ಸಲದ ಗಡಿನಾಡ ಸನ್ಮಾನ ಕ್ಯಾಪ್ಸೂಲಿಗೇ ಸಲ್ಲಲಿ.

ಡಬ್ಬಿಯೊಳಗಿರುವುದು ಗಾರ್ಸೀನಿಯಾ ಕಾಂಬೋಜಿಯಾ. ಹೆದರಬೇಡಿ, ಮೀನು ಗಸಿಗೆ ಹಾಕುವ ಕೊಡಂಪುಳಿ. ನಮ್ಮ ಪುನರ್ಪುಳಿಯ ದಾಯಾದಿ. ದಿನಸಿ ಅಂಗಡಿಯಲ್ಲಿದ್ದಾಗ ಹುಳಿ, ಡಬ್ಬಿಗೆ ಬಿದ್ದರೆ ಹೃದ್ರೋಗ ತಜ್ಞ.

ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್, ಸಕ್ಕರೆ-ಪಿಷ್ಟವನ್ನು ಕೊಬ್ಬಾಗಿಸುವ ಕಿಣ್ವವೊಂದನ್ನು ತಡೆಯುವುದು ನಿಜ. ಇಲಿಗಳಲ್ಲಿ ಚೆನ್ನಾಗಿಯೇ ತಡೆಯುತ್ತದೆ. ಆದರೆ ಮನುಷ್ಯನ ಬೊಜ್ಜಿನ ಬಹುಪಾಲು ತಿಂದ ಎಣ್ಣೆ-ತುಪ್ಪವೇ ನೇರ ಹೋಗಿ ಕೂತದ್ದು. ಗೇಟು ಹಾಕಿದ್ದು ಬಸ್ಸೇ ಬಾರದ ದಾರಿಗೆ.

1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ಪರೀಕ್ಷಿಸಿದರು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಸಿಡ್, ಇನ್ನೊಂದಕ್ಕೆ ಹುಸಿ ಗುಳಿಗೆ. ಪಥ್ಯ ಇಬ್ಬರಿಗೂ ಒಂದೇ. ಸಾರ ನುಂಗಿದವರು ಸರಾಸರಿ 3.2 ಕಿಲೋ ಇಳಿದರು, ಹುಸಿ ಗುಳಿಗೆಯವರು 4.1. ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ ಅಂದರು. ಇರಲಿ, ಹುಸಿ ಗುಳಿಗೆಯ ಏಜೆನ್ಸಿಗೆ ಯಾರಾದರೂ ಕೈಹಾಕಬಹುದಿತ್ತು. ಅಂದಹಾಗೆ 500 ಮಿಲಿಗ್ರಾಮಿನ ಕ್ಯಾಪ್ಸೂಲಿನಲ್ಲಿ ‘ಶೇ. 60’ ಎಂದಿದ್ದರೆ ಆಸಿಡ್ 300 ಮಾತ್ರ. ಸೋತ ಆ ಡೋಸು ಮುಟ್ಟಲಿಕ್ಕೂ ದಿನಕ್ಕೆ ಐದು ಬೇಕು; ನೋಟೀಸು ಹೇಳುವುದು ಎರಡು.

ಇಲಿಗಳ ಕಥೆ ಇನ್ನೂ ಚಂದ. ಕಂಡೆನ್ಸ್ಡ್ ಮಿಲ್ಕ್, ದನದ ಕೊಬ್ಬು ತಿನ್ನಿಸಿ, ಕುಡಿಯುವ ನೀರಿಗೂ ಫ್ರಕ್ಟೋಸ್ ಬೆರೆಸಿ ಉಬ್ಬಿಸಿ, ಆಮೇಲೆ ಸಸ್ಯಸಾರ ಕೊಡುತ್ತಾರೆ. ಮದುವೆ ಸೀಸನ್ನಿನಲ್ಲಿ ನಾವು ಇದನ್ನು ಪ್ರಯೋಗಾಲಯವಿಲ್ಲದೆಯೇ ಮಾಡುತ್ತೇವೆ. ಇಲಿಯ ಡೋಸನ್ನು ಮನುಷ್ಯನಿಗೆ ತರಲು 6.2ರಿಂದ ಭಾಗಿಸುವುದು ವಾಡಿಕೆ. ಇಲಿಗೆ ಕಿಲೋಗೆ 500 ಮಿಲಿಗ್ರಾಂ ಕೊಟ್ಟಿದ್ದರೆ 70 ಕಿಲೋದ ಆಸಾಮಿಗೆ ಸುಮಾರು 5.6 ಗ್ರಾಂ, ಅಂದರೆ ಹನ್ನೊಂದು ಕ್ಯಾಪ್ಸೂಲು. ಊಟ ಯಾವಾಗ ಮಾಡುವುದು?

“ಅಣ್ಣಾ, ಪೂರಾ ನೇಚರಲ್ಲು, ಸೈಡ್ ಎಫೆಕ್ಟೇ ಇಲ್ಲ,” ಅನ್ನುತ್ತಾನೆ ಡಬ್ಬಿ ಮಾರುವವನು. ಕಾಸರಕದ ಮರದಿಂದಲೇ ಹೆಸರು ಬಂತು ಎನ್ನುವ ಊರಲ್ಲಿ ಈ ಮಾತು! ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷ ಕೂಡ ಪೂರಾ ನೇಚರಲ್ಲೇ. ಅಂಗಳದ ಕಣಗಿಲೆ ಹೃದಯದ ಮೇಲೆ ಖಂಡಿತ ಕೆಲಸ ಮಾಡುತ್ತದೆ, ಅದನ್ನು ನಿಲ್ಲಿಸಿಬಿಡುತ್ತದೆ. ಗಾರ್ಸೀನಿಯಾ ತಿಂದು ಲಿವರ್ ಕೆಟ್ಟ ವರದಿಗಳೂ ಇವೆ. ಶರಬತ್ತೇ ಸಾಕು ಅನ್ನುವ ಜಾಣರೇ, ಒಂದು ಕಿಲೋ ಪುನರ್ಪುಳಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಸುರಿದದ್ದು ಅದು.

ತಮಾಷೆ ಸಾಕು. ಈ ಡಬ್ಬಿ ನಂಬಿ ಬಿಪಿ ಗುಳಿಗೆ ಬಿಟ್ಟವರಿಗೆ ನಡುರಾತ್ರಿ ಎದೆ ಹಿಡಿದುಕೊಂಡರೆ ಓಡುವುದೆಲ್ಲಿಗೆ? ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಏಳು ವರ್ಷದ ಮೇಲೂ ಮಂಗಳೂರೇ ಗತಿ: 2020ರ ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರು ಮುಟ್ಟಲಾಗದೆ ರೋಗಿಗಳು ಸತ್ತರು. ಆ ಸಂಸಾರಗಳಿಗೆ ಎರಡು ಭಾಷೆಯಲ್ಲೂ ಉತ್ತರ ಸಿಕ್ಕಿಲ್ಲ.

ಕ್ಯಾಪ್ಸೂಲಿಗೆ ಅಂಥ ತಾಪತ್ರಯವಿಲ್ಲ. ಕುಂಬಳೆಗೂ ಬರುತ್ತದೆ, ಮುಳ್ಳೇರಿಯಕ್ಕೂ ಬರುತ್ತದೆ. ಡೆಲಿವರಿ ಫ್ರೀ.