ಸತ್ಯಾಂಶ: ಗರ್ಭಿಣಿ ಬೀಡಿಯನ್ನು ಒಮ್ಮೆಲೇ ಬಿಟ್ಟರೆ ಕೂಸಿಗೆ ಅಪಾಯವೇ?

“ಸೇದುವ ಚಟವಿರುವ ಹೆಣ್ಣು ಬಸುರಿಯಾದಾಗ ಒಮ್ಮೆಲೇ ಬಿಟ್ಟರೆ ಹೊಟ್ಟೆಯಲ್ಲಿರುವ ಕೂಸಿಗೆ ಆಘಾತವಾಗುತ್ತದೆ, ದಿನಕ್ಕೆ ಎರಡಾದರೂ ಸೇದಬೇಕು” ಎಂಬ ಸಂದೇಶ ದಾವಣಗೆರೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ತಾಯಿಯ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮಗುವಿಗೆ ಸೇರಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ತಂಬಾಕಿನಲ್ಲಿರುವ ಚಟ ಹಿಡಿಸುವ ವಸ್ತುವಾದ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಗರ್ಭದಲ್ಲಿ ಕೂಸಿಗೆ ಆಹಾರ, ಆಮ್ಲಜನಕ ತಲುಪಿಸುವ ಮಾಸಿಗೆ ಹರಿಯುವ ರಕ್ತವನ್ನೂ ತಗ್ಗಿಸುತ್ತದೆ. ಅವಧಿಗೆ ಮುನ್ನ ಹೆರಿಗೆ, 2.5 ಕಿಲೋಗಿಂತ ಕಡಿಮೆ ತೂಕದ ಕೂಸು, ಗರ್ಭದಲ್ಲೇ ಮಗು ತೀರಿಕೊಳ್ಳುವುದು, ಇವುಗಳ ಸಾಧ್ಯತೆ ಹೆಚ್ಚುತ್ತದೆ. ಬಿಟ್ಟ ಒಂದೆರಡು ದಿನಗಳಲ್ಲೇ ಕಾರ್ಬನ್ ಮಾನಾಕ್ಸೈಡ್ ರಕ್ತದಿಂದ ಹೊರಹೋಗುತ್ತದೆ. ತಾಯಿಗೆ ಸಿಡುಕು, ನಿದ್ದೆಗೇಡು, ತಲೆನೋವು ಕೆಲವು ವಾರ ಕಾಡಬಹುದು. ಅದು ನಿಜಕ್ಕೂ ಕಷ್ಟ, ಆದರೆ ಅದಕ್ಕೆ ಹೆದರಿ ಸೇದುತ್ತಲೇ ಇರುವುದೇ ಕೂಸಿಗೆ ಕೇಡು.

ಕಡಿಮೆ ಮಾಡುವುದು ಮೊದಲ ಹೆಜ್ಜೆಯಾಗಬಹುದು, ಆದರೆ ಎರಡಕ್ಕೆ ಇಳಿಸಿದವರು ಪ್ರತಿ ದಮ್ಮನ್ನೂ ಆಳವಾಗಿ ಎಳೆಯುವುದುಂಟು, ಹಾಗಾಗಿ ಲಾಭ ಅಷ್ಟಕ್ಕಷ್ಟೇ. ನಮ್ಮ ಕಡೆ ಸೇದುವ ಹೆಂಗಸರಿಗಿಂತ ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರೇ ಹೆಚ್ಚು. ಹೊಗೆ ಇಲ್ಲವಲ್ಲ ಎಂಬ ಸಮಾಧಾನ ಸಲ್ಲದು, ನಿಕೋಟಿನ್ ಅದರಲ್ಲೂ ಇದೆ. ಗಂಡ ಮನೆಯೊಳಗೆ ಸೇದುವ ಬೀಡಿಯೂ ಕೂಸಿಗೆ ಹಾನಿಕರವೇ.

ಆರು ತಿಂಗಳಾಯಿತು, ಇನ್ನು ಬಿಟ್ಟು ಏನು ಪ್ರಯೋಜನ ಎನ್ನಬೇಡಿ. ಮಗುವಿನ ತೂಕ ಹೆಚ್ಚಾಗಿ ಏರುವುದು ಕೊನೆಯ ತಿಂಗಳುಗಳಲ್ಲೇ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ, ಗದರುತ್ತಾರೆಂಬ ಅಂಜಿಕೆಯಿಂದ ಈ ಅಭ್ಯಾಸವನ್ನು ಮುಚ್ಚಿಡದೆ ಹೇಳಿ. ತಂಬಾಕು ಬಿಡಲೆಂದು ಅಗಿಯುವ ನಿಕೋಟಿನ್ ಗಮ್ಮನ್ನು ವೈದ್ಯರನ್ನು ಕೇಳದೆ ಬಳಸಬಾರದು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356.