ಮಿಲ್ಟ್ರಿ ಶಿಸ್ತು ಅಂದರೆ ಏಟು ಅಂದುಕೊಂಡವರಿಗೆ

ದಾವಣಗೆರೆಯಲ್ಲಿ ಯಾವನೋ ಹುಡುಗ ಬೈಕಲ್ಲಿ ವೀಲಿಂಗ್ ಮಾಡಿ ಸಿಕ್ಕಿಬಿದ್ದರೆ ಸಾಕು, ಸುದ್ದಿ ಕೆಳಗೆ ಕಮೆಂಟು ಶುರು: "ಇಂಥೋರ್ನೆಲ್ಲ ಎರಡು ವರ್ಷ ಮಿಲ್ಟ್ರಿಗೆ ಹಾಕ್ಬೇಕು ರೀ, ಅಲ್ಲಿ ಚರ್ಮ ಸುಲಿದು ಬುದ್ಧಿ ಕಲಿಸ್ತಾರೆ." ಹೀಗೆ ಬರೆಯೋರು ಹೆಚ್ಚಿನವರು ಮಿಲ್ಟ್ರಿ ಟ್ರಂಕನ್ನೂ ಹತ್ತಿರದಿಂದ ಕಂಡಿರೋದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ನಮ್ಮವರ ಮೇಲೆ, ಅಂದರೆ ರಿಟೈರಾಗಿ ಬಂದಿರೋ ಸೈನಿಕರ ಮೇಲೆ. ಜನರ ತಲೆಗೆ ಇದನ್ನ ತುಂಬಿದವರು ನಾವೇ.

ಮದುವೆ ಮನೆಯಾಗಲಿ, ಕುಂದುವಾಡ ಕೆರೆ ಏರಿ ಮೇಲಿನ ವಾಕಿಂಗಾಗಲಿ, ನಾಲ್ಕು ಜನ ಮಾಜಿಗಳು ಸೇರಿದರೆ ಮಾತು ಹೋಗಿ ನಿಲ್ಲೋದು ಒಂದೇ ಕಡೆ. ಯಾರ ಉಸ್ತಾದ್ (ಟ್ರೇನಿಂಗ್ ಕೊಡೋನು) ಎಷ್ಟು ಫ್ರಂಟ್ ರೋಲ್ ಹೊಡೆಸಿದ, ಯಾರು ಪಿಟ್ಟು, ಅಂದರೆ ಬೆನ್ನಚೀಲ, ಹೊತ್ತು ಮೈದಾನ ಎಷ್ಟು ಸುತ್ತಿದ, ಯಾರನ್ನ ಮಟಮಟ ಮಧ್ಯಾಹ್ನ ಜಲ್ಲಿ ಮೇಲೆ ಉರುಳಿಸಿದರು. ಹೇಳ್ತಾ ಹೇಳ್ತಾ ಸುತ್ತು ಜಾಸ್ತಿ ಆಗುತ್ತೆ, ಪಿಟ್ಟಿನ ತೂಕ ಏರುತ್ತೆ. (ಪೆನ್ಷನ್ ಒಂದು ಬಿಟ್ಟು ನಮ್ಮಲ್ಲಿ ಎಲ್ಲಾನೂ ವರ್ಷಾವರ್ಷ ಚೆನ್ನಾಗಿಯೇ ಏರುತ್ತೆ.) ಕೇಳೋ ಹುಡುಗರು ಬಾಯಿ ಬಿಟ್ಟುಕೊಂಡು ಕೇಳ್ತಾರೆ. ಓಹೋ, ಸೈನಿಕ ಆಗೋದು ಹಿಂಗೆ ಅಂದುಕೊಂಡು ಎದ್ದು ಹೋಗ್ತಾರೆ.

ಈ ಕಥೆಗಳಿಗೆಲ್ಲ ಯಜಮಾನರು ನಮ್ಮ ದೊಡ್ಡಪ್ಪ. 1962ರಲ್ಲಿ ಚೀನಾದ ಕೈಲಿ ಪೆಟ್ಟು ತಿಂದ ಮೇಲೆ ಸೈನ್ಯಕ್ಕೆ ಜನ ಬೇಕಾಗಿ ಭರ್ತಿ ಜೋರಾಯ್ತಲ್ಲ, ಆಗ ಸೇರಿದವರು. ಆಗಿನ್ನೂ ನಮ್ಮ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ದೊಡ್ಡಪ್ಪನ ಕಾಗದಪತ್ರದಲ್ಲಿ ಇವತ್ತಿಗೂ ಜಿಲ್ಲೆ ಚಿತ್ರದುರ್ಗವೇ. ಮದ್ರಾಸ್ ರೆಜಿಮೆಂಟು, ಟ್ರೇನಿಂಗು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಕಪ್ಪು ಮಣ್ಣು, ಬಿಸಿಲು ಬಿಟ್ಟು ಬೇರೇನೂ ಕಾಣದ ಹುಡುಗ ಆ ಚಳಿಯಲ್ಲಿ ಬೆಳಗಿನ ಜಾವ ಪಿಟಿಗೆ ನಿಲ್ಲಬೇಕು. ಅಕ್ಕಪಕ್ಕದವರು ಮಾತಾಡೋದು ತಮಿಳು, ಮಲಯಾಳ. ಕಮಾಂಡು ಹಿಂದಿ. "ದಾಹಿನೇ ಮುಡ್" ಅಂದಾಗ ಎಡಕ್ಕೆ ತಿರುಗಿದ್ದಕ್ಕೆ ಉಸ್ತಾದ್ ಬೆತ್ತದಲ್ಲಿ ಕೊಟ್ಟ ಏಟನ್ನ ದೊಡ್ಡಪ್ಪ ಈ ವಯಸ್ಸಲ್ಲೂ ಎದ್ದು ನಿಂತು ನಟಿಸಿ ತೋರಿಸ್ತಾರೆ. .303 ರೈಫಲ್ ಒದ್ದು ಭುಜ ಕಪ್ಪಾದದ್ದನ್ನೂ ಹೇಳ್ತಾರೆ. ನಮ್ಮ ಕಾಲಕ್ಕೆ ಎಸ್‌ಎಲ್‌ಆರ್, ಆಮೇಲೆ ಇನ್ಸಾಸ್. ಅವರ ಪ್ರಕಾರ ಅವೆಲ್ಲ ಆಟದ ಸಾಮಾನು.

ಒಂದು ಸಲ ನೇರವಾಗಿ ಕೇಳಿದೆ. "ದೊಡ್ಡಪ್ಪ, 71ರ ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಶೆಲ್ ಬೀಳ್ತಿದ್ವಲ್ಲ, ಆಗ ಟ್ರೇನಿಂಗಲ್ಲಿ ಕಲ್ತದ್ದು ಯಾವುದು ಕೈಗೆ ಬಂತು?"

ಅವರು ತಡ ಮಾಡಲಿಲ್ಲ. "ಮೋರ್ಚಾ ತೋಡೋದು ಕಣೋ. ಇನ್ನೇನು ಬರುತ್ತೆ?"

ವೆಲ್ಲಿಂಗ್ಟನ್‌ನಲ್ಲಿ ಇನ್ನೊಬ್ಬ ಉಸ್ತಾದ್ ಇದ್ದನಂತೆ. ಕೈ ಎತ್ತಿದವನಲ್ಲ, ಕೂಗಿದವನೂ ಅಲ್ಲ. ಮೋರ್ಚಾ ಅಂದರೆ ಶೆಲ್ಲು, ಗುಂಡಿಂದ ಮರೆಯಾಗೋ ಗುಂಡಿ; ಹುಡುಗರು ತೋಡಿದ ಆ ಗುಂಡಿಗೆ ತಾನೇ ಇಳಿದು ನಿಲ್ಲೋನು. ಎದೆಮಟ್ಟ ಬರದಿದ್ದರೆ, ಒಂದು ಗೇಣು ಕಮ್ಮಿ ಇದ್ದರೂ, "ಫಿರ್ ಸೇ", ಮತ್ತೆ ತೋಡು, ಅಂತ ಹೇಳಿ ಮೇಲೆ ಬರೋನು. ಕಲ್ಲು ನೆಲ ಇರಲಿ, ಮಳೆ ಇರಲಿ, ರಿಯಾಯಿತಿ ಇಲ್ಲ. ಯುದ್ಧದಲ್ಲಿ ಆಯಾಸಕ್ಕೆ ಅರ್ಧಕ್ಕೇ ಬಿಟ್ಟು ಮಲಗೋಣ ಅನ್ನಿಸಿದ ರಾತ್ರಿ ಕೈ ತಾನಾಗಿ ತೋಡ್ತಾ ಹೋಯ್ತು ಅಂದರು. ಆ ಉಸ್ತಾದ್ ಹೆಸರೇನು ಅಂತ ಕೇಳಿದೆ. ನೆನಪಿಲ್ಲ. ಬೆತ್ತದವನ ಹೆಸರು, ಊರು, ಮೀಸೆಯ ತಿರುವು ಎಲ್ಲ ಬಾಯಿಪಾಠ!

ನನ್ನ ತಕರಾರು ಇರೋದೇ ಇಲ್ಲಿ. ಏಟು ನೆನಪಲ್ಲಿ ಉಳಿಯುತ್ತೆ, ಕಲಿತದ್ದು ಮೈಗೆ ಇಳಿದು ಮರೆತುಹೋಗುತ್ತೆ. ಕಥೆ ಹೇಳುವಾಗ ನಾವು ನೆನಪಲ್ಲಿರೋದನ್ನೇ ಹೇಳ್ತೀವಿ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಕೈಕೆಳಗಿನವನನ್ನ ಹೊಡೆಯೋದು, ಹಿಂಸೆ ಮಾಡೋದು ಸೈನ್ಯದ ಕಾನೂನಲ್ಲೇ ಅಪರಾಧ. 1950ರ ಆರ್ಮಿ ಆಕ್ಟಿನ 47ನೇ ಸೆಕ್ಷನ್. ಕೋರ್ಟ್ ಮಾರ್ಷಲ್ ಆಗಿ ಸಾಬೀತಾದರೆ ಏಳು ವರ್ಷದವರೆಗೆ ಜೈಲು. ದೊಡ್ಡಪ್ಪನ ಬೆತ್ತದ ಉಸ್ತಾದ್ ಕಾಲದಲ್ಲೂ ಆ ಕಾನೂನು ಇತ್ತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಅಷ್ಟೇ.

ನಾನು ಸೇರಿದ್ದು ಎಂಬತ್ತರ ದಶಕದ ಕೊನೆಗೆ, ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂಇಜಿ. ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಇಂಜಿನಿಯರ್ ದಳ. ಗರಡಿಯಲ್ಲಿ ಮಣ್ಣು ಹಾಕಿಕೊಂಡು ಬೆಳೆದ ಮೈ, ಓಟ, ಬೀಮ್ (ಅಡ್ಡ ಕಂಬಿಗೆ ನೇತಾಡಿ ಮೈ ಮೇಲಕ್ಕೆ ಎಳೆಯೋದು) ಯಾವುದೂ ಕಷ್ಟ ಅನ್ನಿಸಲಿಲ್ಲ. ನನ್ನ ಸೊಕ್ಕು ಇಳಿಸಿದ್ದು ಬೈಲಿ ಬ್ರಿಡ್ಜು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಕಂಡುಹಿಡಿದ ಸೇತುವೆ ಅದು. ಬಿಡಿಬಿಡಿಯಾಗಿ ಲಾರಿಯಲ್ಲಿ ಬರುತ್ತೆ, ಕ್ರೇನ್ ಬೇಡ, ಜನ ಹೊತ್ತು ಜೋಡಿಸಬೇಕು. ಅದರ ಒಂದು ಪ್ಯಾನೆಲ್ಲು ಹತ್ತು ಅಡಿ ಉದ್ದ, ಸುಮಾರು 260 ಕಿಲೋ. ಹೊರೋದು ಆರು ಜನ. ಆರು ಜನರಲ್ಲಿ ನಾನೊಬ್ಬ ಪೈಲ್ವಾನ ಅಂತ ಮುಂಚೆ ಎತ್ತಿದರೆ ಎದುರಿನವನ ಸೊಂಟ ಹೋಯ್ತು. ಒಬ್ಬ ಮುಂಚೆ ಇಳಿಸಿದರೆ ಪಕ್ಕದವನ ಪಾದ ಚಟ್ನಿ. ಕಮಾಂಡು ಕೊಟ್ಟಾಗ ಎತ್ತು, ಕೊಟ್ಟಾಗ ಇಳಿಸು, ನಡುವೆ ಮೂಗು ತುರಿಸಿದರೂ ಸುಮ್ಮನಿರು. ಅಲ್ಲಿ ಯಾರೂ ಯಾರನ್ನೂ ಹೊಡೆಯೋ ಅಗತ್ಯವೇ ಬೀಳಲಿಲ್ಲ. ಪಕ್ಕದವನ ಕಾಲು ನನ್ನ ಕೈಯಲ್ಲಿದೆ ಅನ್ನೋದು ಗೊತ್ತಾದ ಮೇಲೆ ಎಂಥ ಒರಟನೂ ಕಿವಿ ನೆಟ್ಟಗೆ ಮಾಡ್ಕೊಂಡು ನಿಲ್ತಾನೆ.

ಆಮೇಲೆ ಮೈನು, ಅಂದರೆ ನೆಲದಲ್ಲಿ ಹೂಳೋ ಬಾಂಬು. 2001ರ ಡಿಸೆಂಬರಲ್ಲಿ ಪಾರ್ಲಿಮೆಂಟ್ ಮೇಲೆ ದಾಳಿ ಆಗಿ ಆಪರೇಷನ್ ಪರಾಕ್ರಮ್ ಶುರುವಾಯ್ತಲ್ಲ, ಆಗ ಪಶ್ಚಿಮದ ಗಡಿಯುದ್ದಕ್ಕೂ ಮೈನ್ ಹೂತರು. ಯುದ್ಧ ಆಗಲಿಲ್ಲ. ಹೂತದ್ದನ್ನ ತೆಗೀಬೇಕಲ್ಲ? ಹೂಳೋದಕ್ಕಿಂತ ತೆಗೆಯೋದು ನೂರು ಪಾಲು ಕಷ್ಟ. ಗಾಳಿಗೆ ಮರಳು ಸರಿದಿರುತ್ತೆ, ನೀರಿಗೆ ಮೈನು ಜಾಗ ಬಿಟ್ಟಿರುತ್ತೆ. ಮಂಡಿಯೂರಿ ಕೂತು ಪ್ರಾಡರನ್ನ (ನೆಲ ಚುಚ್ಚಿ ನೋಡೋ ಸರಳು) ಓರೆಯಾಗಿ ಚುಚ್ಚುತ್ತಾ, ಒಂದೊಂದೇ ಗೇಣು ಮುಂದೆ ಹೋಗಬೇಕು. ನೇರ ಚುಚ್ಚಿದರೆ ಮೈನಿನ ತಲೆ ಮೇಲೇ ಒತ್ತು ಬೀಳುತ್ತೆ. ಸಂಜೆ ಹೊತ್ತಿಗೆ ರಿಜಿಸ್ಟರ್ ತೆಗೆದು, ಹೂತ ಲೆಕ್ಕಕ್ಕೂ ತೆಗೆದ ಲೆಕ್ಕಕ್ಕೂ ತಾಳೆ ನೋಡೋದು. ತಾಳೆ ಆಗದಿದ್ದರೆ ಯಾರದೋ ಹೊಲದಲ್ಲಿ ಒಂದು ಉಳಿದಿದೆ ಅಂತ ಅರ್ಥ. ಆ ಹೊಲಕ್ಕೆ ನಾಳೆ ನೇಗಿಲು ಹಿಡ್ಕೊಂಡು ರೈತ ಬರ್ತಾನೆ. ಆ ಕೆಲಸದಲ್ಲಿ ಕೈಕಾಲು ಕಳ್ಕೊಂಡ ಸ್ಯಾಪರ್‌ಗಳಿದ್ದಾರೆ, ಜೀವ ಕಳ್ಕೊಂಡವರಿದ್ದಾರೆ. ಮಿಲ್ಟ್ರಿ ಶಿಸ್ತು ಅಂದರೆ ನನಗೆ ನೆನಪಾಗೋದು ಆ ರಿಜಿಸ್ಟರು. ಆದರೆ ಮದುವೆ ಮನೆಯಲ್ಲಿ ರಿಜಿಸ್ಟರ್ ಕಥೆ ಹೇಳಿದರೆ ಯಾರು ಕೇಳ್ತಾರೆ? ಎದ್ದು ಊಟದ ಪಂಕ್ತಿಗೆ ಹೋಗ್ತಾರೆ.

ಈಗಿನ ಹುಡುಗರ ವಿಷಯಕ್ಕೆ ಬರ್ತೀನಿ. ನಮ್ಮ ಬೀದಿಯ ಹುಡುಗನೊಬ್ಬ ಅಗ್ನಿವೀರ. ರಜಕ್ಕೆ ಬಂದಾಗ ದೊಡ್ಡಪ್ಪನ ಕಟ್ಟೆಗೆ ಬಂದು ಕೂತ. ಟ್ರೇನಿಂಗಲ್ಲಿ ಉಸ್ತಾದ್ ರಾತ್ರಿ ಬ್ಯಾರಕ್ಕಿಗೆ ಬಂದು ಎಲ್ಲರ ಕಾಲು ನೋಡ್ತಿದ್ದರಂತೆ. ಬೊಬ್ಬೆ ಬಂದಿದೆಯಾ, ಬೆರಳ ಸಂದಿ ಒದ್ದೆ ಇದೆಯಾ, ಕಾಲುಚೀಲ ಒಗೆದಿದ್ದಾರಾ ಅಂತ. ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. "ಉಸ್ತಾದ್ ಕಾಲು ನೋಡ್ತಾನಾ? ನೀವು ಸೈನಿಕರೋ, ಮದುಮಕ್ಕಳೋ?" ಹುಡುಗ ಹಿರಿಯರ ಮುಂದೆ ಏನೂ ಹೇಳದೆ ನಕ್ಕು ಸುಮ್ಮನಾದ.

ನಾನು ಸುಮ್ಮನಾಗಲಿಲ್ಲ. ನಡೆಯೋಕೆ ಆಗದ ಸೈನಿಕನನ್ನ ಇಬ್ಬರು ಹೊರಬೇಕು, ಅಂದರೆ ಸೆಕ್ಷನ್ ಅನ್ನೋ ಸಣ್ಣ ತುಕಡಿಯಲ್ಲಿ ಮೂರು ಜನ ಕಮ್ಮಿ. ಸಿಯಾಚಿನ್‌ನಂಥ ಕಡೆ ಒದ್ದೆ ಕಾಲುಚೀಲ ಅಂದರೆ ಬೆರಳೇ ಹೋದಂಗೆ. ದಿನಾ ರಾತ್ರಿ ಹುಡುಗರ ಪಾದ ನೋಡೋ ಉಸ್ತಾದ್ ನನ್ನ ಲೆಕ್ಕದಲ್ಲಿ ಬೆತ್ತದವನಿಗಿಂತ ಹತ್ತು ಪಾಲು ಕಟ್ಟುನಿಟ್ಟಿನವನು.

ಅಗ್ನಿವೀರರನ್ನ "ಅರ್ಧ ಸೈನಿಕರು" ಅನ್ನೋ ಮಾತು ನಮ್ಮವರ ಬಾಯಲ್ಲೇ ಓಡಾಡ್ತಿದೆ. 31 ವಾರದ ಟ್ರೇನಿಂಗಲ್ಲಿ ಏನು ಕಲಿತಾರೆ ಅಂತ ಗೇಲಿ. ವಾರ ಎಣಿಸಬೇಡಿ. ನಾವೂ ಸೆಂಟರಿಂದ ಹೊರಬಿದ್ದಾಗ ಹಸುಗೂಸುಗಳೇ. ಟ್ರೇನಿಂಗ್ ಕೊನೆಗೆ ಪ್ರಮಾಣ ಮಾಡೋ ಕಸಂ ಪರೇಡ್ ಮುಗಿಸಿ ಯೂನಿಟ್ಟಿಗೆ ಹೋದ ಮೇಲೆ, ಹತ್ತು ವರ್ಷ ಸವೆದ ನಾಯಕ್ (ಸಿಪಾಯಿಗಿಂತ ಮೇಲಿನ ದರ್ಜೆ) ಒಬ್ಬ ಪಕ್ಕದ ಚಾರ್‌ಪಾಯಲ್ಲಿ ಮಲಗ್ತಿದ್ದ. ಗಂಟು ಹಾಕೋದು, ನೀರು ಉಳಿಸೋದು, ಊರಿಂದ ಕೆಟ್ಟ ಸುದ್ದಿಯ ಕಾಗದ ಬಂದ ರಾತ್ರಿ ಹೆಂಗಿರಬೇಕು ಅನ್ನೋದು, ಎಲ್ಲ ಅವನ ಜೊತೆ ಬದುಕಿ ಕಲಿತದ್ದು. ಆಮೇಲೆ ನಾವು ನಾಯಕ್ ಆದ್ವಿ, ಇನ್ನೊಬ್ಬ ಹುಡುಗ ನಮ್ಮ ಪಕ್ಕಕ್ಕೆ ಬಂದ.

2022ರ ಜೂನಲ್ಲಿ ಘೋಷಣೆ ಆದ ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ಸೇವೆ ಮುಗಿಯುತ್ತೆ. ನೂರಕ್ಕೆ 25ರವರೆಗೆ ಉಳಿಸ್ಕೊತಾರೆ, ಮಿಕ್ಕವರು ಮನೆಗೆ. ನನಗೆ ಇದರಲ್ಲಿ ಚಿಂತೆ ಹುಡುಗರ ತಾಕತ್ತಿನದಲ್ಲ. ಕಲಿಯೋ ಹುಡುಗರು ಬರ್ತಾನೇ ಇರ್ತಾರೆ, ಕಲಿತು ಇನ್ನೊಬ್ಬನಿಗೆ ಕಲಿಸೋ ವಯಸ್ಸಿಗೆ ಬರೋ ಹೊತ್ತಿಗೆ ಹೆಚ್ಚಿನವರು ಟ್ರಂಕ್ ಕಟ್ಟಿರ್ತಾರೆ. ಪಕ್ಕದ ಚಾರ್‌ಪಾಯಲ್ಲಿ ಮಲಗೋ ನಾಯಕ್ ಮುಂದೆ ಎಲ್ಲಿಂದ ಬರ್ತಾನೆ? ಇದನ್ನ ಕೇಳೋದು ಬಿಟ್ಟು, ನಮ್ಮ ಕಾಲದಲ್ಲಿ ಎಷ್ಟು ಏಟು ಬಿತ್ತು ಅಂತ ಪಂದ್ಯ ಕಟ್ತಾ ಕೂತಿದ್ದೀವಿ.

ಎಲ್ಲರಿಗೂ ಮಿಲ್ಟ್ರಿ ಕಡ್ಡಾಯ ಮಾಡಿ ಅನ್ನೋರಿಗೆ ಒಂದು ಮಾತು. ಚೀನಾ ಯುದ್ಧದ ಮಾರನೇ ವರ್ಷ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿದ್ದರು. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಅಂತ ಬಿಟ್ಟರು. ಆ ಕಾಲದ ಹಿರಿಯರು ನಮ್ಮ ವಾಕಿಂಗ್ ಗುಂಪಲ್ಲಿದ್ದಾರೆ. ಕೇಳಿ ನೋಡಿ, ಡ್ರಿಲ್‌ಗಿಂತ ಪರೇಡ್ ಮುಗಿದ ಮೇಲೆ ಕೊಡ್ತಿದ್ದ ತಿಂಡಿ ಚೆನ್ನಾಗಿ ನೆನಪಿದೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಭರ್ತಿಗೆ ತಯಾರಾಗೋ ಹುಡುಗರ ಜೊತೆ ನಾನೂ ಇರ್ತೀನಿ. ಹುಡುಗಿಯರೂ ಬರ್ತಾರೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರಿಂದ ಮೊದಲ ಮಹಿಳಾ ತಂಡ, 83 ಜನ, ಪಾಸಾಗಿ ಹೊರಬಂದ ಮೇಲೆ ನಮ್ಮೂರ ಅಪ್ಪಂದಿರಿಗೂ ಸ್ವಲ್ಪ ಧೈರ್ಯ ಬಂದಿದೆ. ಈ ಮಕ್ಕಳಲ್ಲಿ ಕೆಲವರು ದುಡ್ಡು ಕಟ್ಟಿ ಖಾಸಗಿ ಕೋಚಿಂಗ್ ಸೆಂಟರ್‌ಗೆ ಹೋಗಿ ಬಂದವರು. ಅಂಥ ಒಂದು ಕಡೆ ಕಾಂಬ್ಯಾಟ್ ಡ್ರೆಸ್ ಹಾಕಿಕೊಂಡ, ಸೈನ್ಯದಲ್ಲಿ ಒಂದು ದಿನವೂ ಇಲ್ಲದ ಆಸಾಮಿ ಮಕ್ಕಳನ್ನ ಮುರ್ಗಾ (ಬಗ್ಗಿ, ಕಾಲ ಸಂದಿಯಿಂದ ಕೈ ತೂರಿಸಿ ಕಿವಿ ಹಿಡಿಯೋ ಶಿಕ್ಷೆ) ಕೂರಿಸಿ ವಿಡಿಯೋ ಮಾಡಿ ಹಾಕ್ತಾನೆ. ಅಪ್ಪ-ಅಮ್ಮ ಅದನ್ನ ನೋಡಿ ಹೆಮ್ಮೆಯಿಂದ ಸ್ಟೇಟಸ್ ಇಟ್ಕೊತಾರೆ. ಆ ಹುಡುಗರು ನನ್ನ ಹತ್ತಿರ ಬಂದಾಗ ಮೊಣಕಾಲ ಕೆಳಗಿನ ಮೂಳೆ ಮುಟ್ಟಿದರೆ ಕಿರುಚ್ತಾರೆ.

ಸ್ವಾಮಿ, ಈಗ ಮೊದಲು ಆನ್‌ಲೈನ್ ಪರೀಕ್ಷೆ ಪಾಸಾಗಬೇಕು, ಆಮೇಲೇ ಮೈದಾನ. ಮೈದಾನದಲ್ಲಿ 1.6 ಕಿಲೋಮೀಟರನ್ನ ಐದೂವರೆ ನಿಮಿಷದೊಳಗೆ ಓಡಿದರೆ ಹುಡುಗರಿಗೆ 60 ಅಂಕ, ಬೀಮಿಗೆ ಹತ್ತು ಎಳೆದರೆ 40. ಮುರ್ಗಾ ಕೂತದ್ದಕ್ಕೆ ಅಂಕ ಇಲ್ಲ. ಮಗನನ್ನ ಸೇರಿಸೋ ಮುಂಚೆ ಕೇಳಿ: ಕಲಿಸೋನು ಯಾವ ಯೂನಿಟ್ಟಲ್ಲಿದ್ದ, ಗಣಿತ ಹೇಳಿಕೊಡೋರು ಯಾರು, ಕಾಲು ನೋವು ಅಂದರೆ ಏನು ಮಾಡ್ತೀರಿ. ಮೂರನೇ ಪ್ರಶ್ನೆಗೆ "ಓಡಿಸ್ತೀವಿ, ಸರಿಹೋಗುತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೈದಾನಕ್ಕೆ ಬರೋರು ಬೆಳಗ್ಗೆ ಐದೂವರೆಗೆ ಬನ್ನಿ, ದುಡ್ಡು ಬೇಡ. ಸಿಮೆಂಟ್ ರಸ್ತೆ ಮೇಲೆ ಓಡಿಕೊಂಡು ಬರಬೇಡಿ, ನಡ್ಕೊಂಡು ಬನ್ನಿ. ಒಗೆದ ಕಾಲುಚೀಲ ಹಾಕ್ಕೊಂಡಿರಿ, ನಾನು ನೋಡ್ತೀನಿ.