ಪರ್ಮನೆಂಟ್ ಮಾರ್ಕರ್ ನಂಬಿ ಕೆಟ್ಟೆ

ಕೋಲಾರದ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿತೆಂದರೆ ಹೂಳು ಹೊಲಕ್ಕೆ ಹೋಗುತ್ತದೆ. ಮಣ್ಣಿಗೆ ಒಳ್ಳೇದೇ. ಆದರೆ ನೀರಿದ್ದಾಗ ಹಸಿರು ಪೇಂಟ್ ಚೆಲ್ಲಿದ ಹಾಗೆ ತೇಲುವ ಪಾಚಿಯ ವಿಷವೂ ಹೂಳಿನ ಜೊತೆ ಹೊಲ ಸೇರುತ್ತದಾ? ಅದನ್ನು ನೋಡುವುದು ನನ್ನ ಕೆಲಸ. ವಿಷದ ಹೆಸರು ಮೈಕ್ರೋಸಿಸ್ಟಿನ್.

ಚೀಲ ಹಿಡಿದು ಕೆರೆಗೆ ಇಳಿದಾಗ ದಡದಲ್ಲಿದ್ದ ತಾತ ಕೇಳಿದರು, "ಎಷ್ಟು ಅಡಿಗೆ ನೀರು ಸಿಗ್ತದಮ್ಮ?"

"ಬೋರ್‌ವೆಲ್ ಪಾಯಿಂಟ್ ಅಲ್ಲ ತಾತ, ಪಾಚಿ ವಿಷ ನೋಡೋಕೆ ಬಂದಿದೀನಿ."

"ಅಷ್ಟೇನಾ? ಕಾಯಿಸ್ಕೊಂಡು ಕುಡಿದ್ರಾಯ್ತು ಬಿಡು."

ಈ ವಿಷ ಕುದಿಸಿದರೂ ಹೋಗುವುದಿಲ್ಲ ಅಂತ ಹೇಳುವಷ್ಟರಲ್ಲಿ ಅವರು ಎಮ್ಮೆ ಹಿಂದೆ ಹೋಗಿಯಾಗಿತ್ತು.

ಲ್ಯಾಬಿನಲ್ಲಿ ಮಣ್ಣು ಒಣಗಿಸಿ, ಜರಡಿ ಹಿಡಿದು, 1 ಗ್ರಾಂ ತೂಗಿ, ವಿಷ ಬಿಡಿಸಲು ಶೇ. 75 ಮೆಥನಾಲ್ ಹಾಕಿ ಕುಲುಕಬೇಕು. ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ ಮೇಲಿನ ತಿಳಿ ಬಗ್ಗಿಸಿಕೊಳ್ಳಬೇಕು. ಜೇಡಿಮಣ್ಣಂತೂ ಕೈಸಾಲ ತಗೊಂಡ ನೆಂಟನ ಥರ. ಮೂರು ಸಲ ಕೇಳಿದರೂ ಹಿಡಿದ ವಿಷ ಪೂರ್ತಿ ವಾಪಸ್ ಕೊಡುವುದಿಲ್ಲ.

ಮೂರನೇ ಸಲ ಬಗ್ಗಿಸುವಾಗ ಕೈ ನಡುಗಿ ಮೆಥನಾಲ್ ಟ್ಯೂಬುಗಳ ಮೈಮೇಲೆ ಹರಿಯಿತು. ಪರ್ಮನೆಂಟ್ ಮಾರ್ಕರಿನ ಪರ್ಮನೆಂಟು ಮೆಥನಾಲ್ ಮುಂದೆ ಎರಡು ಸೆಕೆಂಡು, ಅಷ್ಟೇ. 12 ಟ್ಯೂಬಿನ ಹೆಸರೂ ನನ್ನ ಗ್ಲೌಸಿಗೆ ಅಂಟಿಕೊಂಡಿತು. ಅಂದಾಜಿನ ಮೇಲೆ ಮತ್ತೆ ನಂಬರ್ ಹಾಕಿದೆ. ಬೈಯಬೇಡಿ, ವಿಷ ಅಳೆಯುವ ಕಿಟ್ ದುಬಾರಿ, ದಿನ ಮುಗೀತಾ ಇತ್ತು.

ಎಲೈಸಾ ಅಂದರೆ ಬಣ್ಣ ನೋಡಿ ವಿಷ ಅಳೆಯುವ ಪರೀಕ್ಷೆ. ಅದರ ತಟ್ಟೆ ನೋಡಲು ಪಡ್ಡಿನ ಹಂಚಿನ ಹಾಗೆ, 96 ಗುಳಿ. ಕೊನೆಯ ಆಸಿಡ್ ಹಾಕಿದ ತಕ್ಷಣ 7ನೇ ಟ್ಯೂಬಿನ ಗುಳಿ ಅರಿಶಿನದಂತೆ ಹಳದಿಯಾಯಿತು. ಓಡಿದೆ.

"ಸರ್, 7ರಲ್ಲಿ ಭಾರೀ ವಿಷ!"

ಸರ್ ಕನ್ನಡಕ ಏರಿಸಿದರು. "ಈ ಕಿಟ್‌ನಲ್ಲಿ ಬಣ್ಣ ಉಲ್ಟಾ ಅಲ್ವೇನಮ್ಮ?"

ಹೌದು. ಬಸ್ ಸೀಟಿಗೆ ಟವೆಲ್ ಹಾಕಿದ ಲೆಕ್ಕ. ನಮ್ಮ ಮಣ್ಣಿನ ವಿಷ ಗುಳಿಯೊಳಗೆ ಜಾಸ್ತಿ ಸೀಟು ಹಿಡಿದರೆ, ಬಣ್ಣ ಬರಿಸುವ ಕಿಟ್ಟಿನ ವಿಷಕ್ಕೆ ಜಾಗ ಸಿಗದೆ ತೊಳೆದು ಹೋಗುತ್ತದೆ. ವಿಷ ಜಾಸ್ತಿ, ಹಳದಿ ಕಮ್ಮಿ. ನಾನು ಕುಣಿದದ್ದು ಮಣ್ಣೇ ಹಾಕದ ಬ್ಲಾಂಕ್ ಟ್ಯೂಬಿಗೆ! ಒಂದು ಟ್ಯೂಬಿನ ಹೆಸರಾದರೂ ಗೊತ್ತಾಯಿತಲ್ಲ ಅಂದುಕೊಂಡೆ. ಉಳಿದ 11 ಮತ್ತೆ ಜರಡಿಯಿಂದ ಶುರು.

ಪೆನ್ಸಿಲ್ ಗೀಟು ಮೆಥನಾಲಿಗೆ ಅಳಿಸುವುದಿಲ್ಲ. ಸಂಜೆ ಅಂಗಡಿಗೆ ಹೋಗಿ ಒಂದು ಡಬ್ಬಿ ಪೆನ್ಸಿಲ್ ಕೇಳಿದೆ.

"ಮಗು ಎಷ್ಟನೇ ಕ್ಲಾಸು ಮೇಡಂ?" ಅಂದರು ಅಂಗಡಿಯವರು.